ನಲವತ್ತಮೂರು ಫಾರಮ್ಮುಗಳಲ್ಲಿ ಒಂದೇ ಹೆಸರು

ಭವಿಷ್ಯನಿಧಿ ಇನ್ಸ್‌ಪೆಕ್ಟರ್ ಎಂದರೆ ಏನು ಕೆಲಸ ಎಂದು ನಮ್ಮ ಮಾವನವರಿಗೆ ಇಪ್ಪತ್ತು ವರ್ಷ ಬಿಡಿಸಿ ಬಿಡಿಸಿ ಹೇಳಿದೆ. ಕೊನೆಯವರೆಗೂ ಅವರು ನೆಂಟರ ಮುಂದೆ "ನಮ್ಮ ಅಳಿಯಂದಿರು ಯಾವುದೋ ಚೀಟಿ ವ್ಯವಹಾರದಲ್ಲಿ ಇದ್ದಾರೆ" ಎಂದೇ ಹೇಳಿಕೊಂಡು ಹೋದರು. ಹೋಗಲಿ ಬಿಡಿ, ಅವರ ತಪ್ಪಲ್ಲ. ಅರವತ್ತರ ದಶಕದಲ್ಲಿ ಮಲೆನಾಡಿನ ಕಡೆ ಈ ಕೆಲಸವನ್ನು ಸರಿಯಾಗಿ ತಿಳಿದವರು ಬೆರಳೆಣಿಕೆಯಷ್ಟು. ಅವರಲ್ಲಿ ನಾನೂ ಒಬ್ಬ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮೊನ್ನೆ ನಮ್ಮ ಬೀದಿಯ ಮೇಷ್ಟರ ಮಗಳು ಪರೀಕ್ಷೆ ಪಾಸಾಗಿ ಇದೇ ಇಲಾಖೆಗೆ ಸೇರಿದಳು. ಸಿಹಿ ಕೊಡಲು ಬಂದವಳು, "ಅಜ್ಜಾ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇನ್ಸ್‌ಪೆಕ್ಷನ್‌ಗೆ ಹೋಗಿ ಏನು ಮಾಡ್ತಿದ್ರಿ?" ಎಂದು ಕೇಳಿದಳು. "ಕಾಫಿ ಕುಡೀತಿದ್ದೆ, ಆಮೇಲೆ ಬೈಸ್ಕೊಳ್ತಿದ್ದೆ" ಎಂದೆ. ಅವಳು ನಕ್ಕಳು. ನಾನು ಹೇಳಿದ್ದು ನಿಜವೇ. ಅವಳಂಥವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವ ವರ್ಷ ಬಡ್ತಿ ಬಂತು, ಯಾರು ಹಾರ ಹಾಕಿದರು ಎಂಬುದೆಲ್ಲ ಇಲ್ಲಿಲ್ಲ. ಅದು ಯಾರಿಗೆ ಬೇಕು?

ಮೊದಲು ಕೆಲಸ ಏನು ಎಂದು ಹೇಳಿಬಿಡುತ್ತೇನೆ. ಕೆಲಸಗಾರನ ಸಂಬಳದಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಿಡಿದು, ಮಾಲೀಕರೂ ಒಂದಿಷ್ಟು ಹಾಕಿ, ಅವನ ಮುಪ್ಪಿಗೆ ಕೂಡಿಡುವುದು ಭವಿಷ್ಯನಿಧಿ. ಹೆಚ್ಚಿನ ಕಂಪನಿಗಳು ಅದನ್ನು ನಮ್ಮ ಇಲಾಖೆಗೇ ಕಟ್ಟುತ್ತಿದ್ದವು. ಕೆಲವಕ್ಕೆ ಮಾತ್ರ ತಮ್ಮದೇ ನಿಧಿ ನಡೆಸಿಕೊಳ್ಳಲು ವಿನಾಯಿತಿ ಇತ್ತು. ಅಂಥ ನಿಧಿಯನ್ನು ಟ್ರಸ್ಟಿಗಳು ನೋಡಿಕೊಳ್ಳಬೇಕು. ಮಾಲೀಕರ ಕಡೆಯಿಂದ ಎಷ್ಟು ಜನವೋ, ಕೆಲಸಗಾರರ ಕಡೆಯಿಂದಲೂ ಅಷ್ಟೇ ಜನ. ಆ ಟ್ರಸ್ಟಿಗಳು ಸರಿಯಾಗಿ ನಡೆಯುತ್ತಿದ್ದಾರೆಯೇ ಎಂದು ನೋಡುವುದು, ಗೊತ್ತಿಲ್ಲದಿದ್ದರೆ ಕಲಿಸುವುದು ನನ್ನ ಪಾಲಿಗೆ ಬಂದ ಕೆಲಸ. ಸಾಗರ, ಹೊಸನಗರ, ತೀರ್ಥಹಳ್ಳಿ ನನ್ನ ಸುತ್ತಾಟದ ಊರುಗಳು.

ಕೆಲಸಕ್ಕೆ ಸೇರಿದ ದಿನ ನನ್ನ ಮೇಲಧಿಕಾರಿ ಅನಂತರಾಮಯ್ಯನವರು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದರು. ಕೃಶ ದೇಹ, ದಪ್ಪ ಕನ್ನಡಕ, ಮಾತು ಬಹಳ ಕಡಿಮೆ. "ಇದು ಪೊಲೀಸ್ ಕೆಲಸ ಅಂದ್ಕೊಂಡು ಬಂದಿದ್ರೆ ಈಗ್ಲೇ ವಾಪಸ್ ಹೋಗಿ. ಟ್ರಸ್ಟಿಗಳಿಗೆ ಕೆಲಸ ಕಲಿಸೋದು ನಿಮ್ಮ ಕೆಲಸ. ಅವರ ಕೆಲಸ ನೀವು ಮಾಡೋದಲ್ಲ." ನನಗೋ ಆಗ ಮೂಗಿನ ತುದಿಯಲ್ಲಿ ಕೋಪ. ಈ ಮನುಷ್ಯ ಏನೋ ವೇದಾಂತ ಹೇಳುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿ ಬಂದೆ.

ಕಲಿಸುವುದು ಎಂದರೆ ಏನೆಂದು ತಿಳಿದದ್ದು ಸಾಗರದ ಒಂದು ಹಂಚಿನ ಕಾರ್ಖಾನೆಯಲ್ಲಿ. ಅಲ್ಲಿ ಭಟ್ಟಿ ಕೆಲಸದ ಹನುಮಂತ ಎಂಬವನನ್ನು ಕೆಲಸಗಾರರ ಟ್ರಸ್ಟಿಯಾಗಿ ಮಾಡಿದ್ದರು. ಸಭೆಯಲ್ಲಿ ಏನು ಕೇಳಿದರೂ ಅವನದು ಒಂದೇ ಉತ್ತರ: "ಧಣಿಗಳು ಹೆಂಗೆ ಹೇಳ್ತಾರೋ ಹಂಗೆ." ಮೂರು ಸಭೆ ಹೀಗೇ ಆಯಿತು. ನಾಲ್ಕನೆಯದಕ್ಕೆ ನಾನು ಒಂದು ಕಟ್ಟಳೆ ಮಾಡಿದೆ. ಸಭೆಯಲ್ಲಿ ಮೊದಲು ಕೆಲಸಗಾರರ ಟ್ರಸ್ಟಿಗಳು ಮಾತಾಡಬೇಕು, ಮಾಲೀಕರು ಕೊನೆಗೆ. ಧಣಿಗಳು ಬಾಯಿಯೇ ಬಿಡದಿದ್ದ ಮೇಲೆ ಇವನು ಯಾರು ಹೇಳಿದ ಹಾಗೆ ಎನ್ನುತ್ತಾನೆ? ಹನುಮಂತ ಬಹಳ ಹೊತ್ತು ಬೆವರು ಒರೆಸಿಕೊಂಡ. ಆಮೇಲೆ ಕೇಳಿದ: "ನಮ್ಮ ಪಂಡಿನ ದುಡ್ಡು ಧಣಿಗಳ ಕೋಣೆ ಟ್ರಂಕಿನಾಗೆ ಐತಲ್ಲ ಸ್ವಾಮಿ, ಭಟ್ಟಿ ಬೆಂಕಿ ಹತ್ರನೇ ಆತಲ್ಲ, ಹತ್ಕಂಡ್ರೆ ಎಂತ ಮಾಡದು?"

ಪಾಪ, ಒಂದು ವರ್ಷದಿಂದ ಅವನಿಗೆ ಅದೇ ಚಿಂತೆ! ಟ್ರಂಕಿನಲ್ಲಿದ್ದದ್ದು ಬರೀ ಹಳೆಯ ರಿಜಿಸ್ಟರುಗಳು. ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಬ್ಯಾಂಕಿನ ಏಜೆಂಟರು, ಅಂದರೆ ಈಗಿನ ಮ್ಯಾನೇಜರು, ಒಳ್ಳೆಯವರು. ನಿಧಿಯ ಹಣ ಹಾಕಿ ಟ್ರಸ್ಟಿನ ಹೆಸರಿನಲ್ಲಿ ಕೊಂಡಿದ್ದ ಸರ್ಕಾರಿ ಸಾಲಪತ್ರವನ್ನು ಹೊರಗೆ ತೆಗೆದು ಅವನ ಕೈಗೇ ಕೊಟ್ಟರು. ಹನುಮಂತ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಷ್ಟೇನಾ?" ಎಂದ. ಅಷ್ಟೂ ಜನರ ಬೆವರು ಒಂದು ಕಾಗದದಲ್ಲಿ ಅಡಗಿದೆ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಆದರೆ ಆಮೇಲಿನ ಸಭೆಗಳಲ್ಲಿ ಅವನ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಆಗಲೇ ನಾನು ಟ್ರಸ್ಟಿನ ನಿಯಮಗಳನ್ನು ಕನ್ನಡಕ್ಕೆ ಇಳಿಸಿಕೊಂಡೆ. ಮೇಲಿನಿಂದ ಬರುತ್ತಿದ್ದದ್ದು ಇಂಗ್ಲಿಷಿನ ಸೈಕ್ಲೋಸ್ಟೈಲ್ ಪ್ರತಿ. ಒಂದು ವಾಕ್ಯ ಮುಗಿಯುವುದರೊಳಗೆ ಓದುವವನಿಗೆ ತೂಕಡಿಕೆ ಬರಬೇಕು, ಹಾಗಿತ್ತು. ನಾನು ಶಾಲೆಯ ನೋಟ್‌ಬುಕ್ಕಿನಲ್ಲಿ ನಮ್ಮ ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಬರೆದೆ. ಅನಂತರಾಮಯ್ಯನವರು ನೋಡಿ, "ಇದಕ್ಕೆ ಯಾರ ಅನುಮತಿ ತಗೊಂಡ್ರಿ?" ಎಂದು ಗದರಿದರು. ಹದಿನೈದು ದಿನಕ್ಕೆ ಅವರಿಂದಲೇ ಚೀಟಿ ಬಂತು: "ಅದರ ಹತ್ತು ಪ್ರತಿ ಕಳಿಸಿ." ನನ್ನ ಹೆಂಡತಿ ಕೂತು ಕಾರ್ಬನ್ ಹಾಳೆ ಇಟ್ಟು ಬರೆದುಕೊಟ್ಟಳು. ಅವಳ ಅಕ್ಷರ ನನ್ನದಕ್ಕಿಂತ ದುಂಡು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ.

ತೀರ್ಥಹಳ್ಳಿಯಲ್ಲಿ ಶೇಷಪ್ಪಗೌಡರು ಎಂಬವರದು ಒಂದು ಖಾಸಗಿ ಬಸ್ ಕಂಪನಿ. ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಅವರ ಬಸ್ಸುಗಳು ಓಡುತ್ತಿದ್ದವು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲ ಸೇರಿ ನಲವತ್ತಮೂರು ಜನ. ಗೌಡರು ಆಜಾನುಬಾಹು, ಗಟ್ಟಿ ದನಿ, ಕೈ ಧಾರಾಳ. ಕೆಲಸಗಾರರ ಮನೆಯಲ್ಲಿ ಕಾಯಿಲೆ ಎಂದರೆ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕಳಿಸುವವರು. ತಮ್ಮದೇ ನಿಧಿ ಬೇಕು ಎಂದು ಹಟ ಹಿಡಿದು ವಿನಾಯಿತಿ ಪಡೆದಿದ್ದರು. ಟ್ರಸ್ಟಿಗಳು ನಾಲ್ವರು. ಮಾಲೀಕರ ಕಡೆಯಿಂದ ಗೌಡರು ಮತ್ತು ಅವರ ಭಾವಮೈದ ನಾಗಪ್ಪ. ಕೆಲಸಗಾರರ ಕಡೆಯಿಂದ ಕಂಡಕ್ಟರ್ ತಿಮ್ಮಪ್ಪ ಮತ್ತು ಮೆಕ್ಯಾನಿಕ್ ಇಬ್ರಾಹಿಂ ಸಾಹೇಬರು. ಲೆಕ್ಕಪತ್ರಕ್ಕೆ ಗುಮಾಸ್ತ ಸುಬ್ಬರಾಯ ಭಟ್ಟರು.

ನಾನು ಮೊದಲ ಸಲ ತಪಾಸಣೆಗೆ ಹೋದಾಗ ಭಟ್ಟರು ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಪ್ರತಿಯೊಬ್ಬ ಸದಸ್ಯನೂ ತಾನು ಸತ್ತರೆ ಹಣ ಯಾರಿಗೆ ಹೋಗಬೇಕು ಎಂದು ಒಂದು ನಾಮಿನೇಷನ್ ಫಾರಂ ತುಂಬಿಕೊಡಬೇಕು. ಸದಸ್ಯರು ನಲವತ್ತಮೂರು, ಫಾರಂ ನಲವತ್ತಮೂರು. ಒಂದೊಂದರ ಮೂಲೆಗೂ ನೀಲಿ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಗೌಡರ ಮನೆಯಿಂದ ಬಂದ ಕಡುಬು ತಿಂದೆ. ವರದಿಯಲ್ಲಿ 'ತೃಪ್ತಿಕರ' ಎಂದು ಬರೆದು ಬಸ್ಸು ಹತ್ತಿದೆ. ಏನು ಜಂಬ ಅಂತೀರಿ! ಇಷ್ಟು ಚೊಕ್ಕವಾದ ಟ್ರಸ್ಟನ್ನು ಜಿಲ್ಲೆಯಲ್ಲೇ ನೋಡಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಸುಮಾರು ಒಂದು ವರ್ಷದ ಮೇಲೆ ಹೊಸನಗರದಿಂದ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ದ್ಯಾವಮ್ಮ ಎಂಬ ಹೆಂಗಸು ಶಾಲೆಯ ಮೇಷ್ಟರ ಕೈಯಲ್ಲಿ ಬರೆಸಿದ್ದಳು. ಅವಳ ಗಂಡ ಇದೇ ಕಂಪನಿಯ ಡ್ರೈವರ್. ವಿಷಮಜ್ವರ ಬಂದು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಇಬ್ಬರು ಸಣ್ಣ ಹೆಣ್ಣುಮಕ್ಕಳು. ಫಂಡಿನ ಹಣ ಕೇಳಿದರೆ ಅದು ಗೌಡರ ಹೆಸರಿಗೆ ಬರೆದಿದೆ ಎನ್ನುತ್ತಿದ್ದಾರೆ, ಇದು ಹೌದೋ ಅಲ್ಲವೋ ತಾವು ಬಂದು ನೋಡಬೇಕು ಎಂದು ಕೇಳಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತವನ ಹಣ ನುಂಗುವ ಕಳ್ಳ, ನನಗೆ ಕಡುಬು ತಿನ್ನಿಸಿ ಕಣ್ಣು ಕಟ್ಟಿದ ಎಂದು ಬೈದುಕೊಂಡು ಮೊದಲ ಬಸ್ಸಿಗೇ ತೀರ್ಥಹಳ್ಳಿಗೆ ಹೋದೆ. ಒಳಗೆ ಹೋದವನೇ, "ಭಟ್ಟರೇ, ಫಾರಮ್ಮುಗಳ ಕಟ್ಟು ತೆಗೀರಿ" ಎಂದು ಮೇಜು ಕುಟ್ಟಿದೆ.

ದ್ಯಾವಮ್ಮನ ಗಂಡನ ಫಾರಂ ಮೇಲೇ ಇತ್ತು. ಹಣ ಪಡೆಯುವವರ ಹೆಸರು: ಶೇಷಪ್ಪಗೌಡರು. ಸಂಬಂಧ: ಧಣಿ. ಮೂಲೆಯಲ್ಲಿ ನನ್ನದೇ ನೀಲಿ ಗೀಟು.

ಅದರ ಕೆಳಗಿನದನ್ನು ತೆಗೆದೆ. ಶೇಷಪ್ಪಗೌಡರು. ಅದರ ಕೆಳಗಿನದು, ಶೇಷಪ್ಪಗೌಡರು. ನಲವತ್ತಮೂರೂ ಅದೇ! ಸಂಬಂಧ ಎಂಬಲ್ಲಿ ಒಬ್ಬ 'ಧಣಿ', ಒಬ್ಬ 'ನಮ್ಮ ಗೌಡ್ರು', ಇನ್ನೊಬ್ಬ ಪುಣ್ಯಾತ್ಮ 'ತಂದೆ ಸಮಾನ'. ಅಷ್ಟೂ ಫಾರಮ್ಮಿನ ಮೇಲೆ ನನ್ನ ಗೀಟು. ನಾನು ಕಾಗದ ಎಣಿಸಿದ್ದೆ, ಒಂದನ್ನೂ ಓದಿರಲಿಲ್ಲ. ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

"ಇದೆಂಥದು ಭಟ್ಟರೇ?" ಎಂದೆ. ಈಗ ದನಿ ಮೆತ್ತಗಾಗಿತ್ತು.

"ನಾ ಎಂತ ಮಾಡ್ಲಿ ಸ್ವಾಮಿ?" ಎಂದರು ಭಟ್ಟರು. "ಸಂಬಳದ ದಿನ ಎಲ್ಲ ಕೌಂಟರ್ ಹತ್ರ ಸಾಲು ನಿಂತಿದ್ರು. ಮೊದಲನೇವನಿಗೆ, 'ಹೆಂಡ್ತಿ ಹೆಸರು ಹೇಳು ಮಾರಾಯ' ಅಂದೆ. ಅವ ನೆಲ ನೋಡ್ದ. ಹಿಂದಿದ್ದವ್ರೆಲ್ಲ ಕಿಸಕ್ ಅಂತ ನಗಾಡಿದ್ರು. 'ಗೌಡ್ರ ಹೆಸ್ರೇ ಬರ್ಕಳಿ ಭಟ್ರೇ' ಅಂದ. ಹಿಂದಿನವನ್ನ ಕೇಳಿದ್ರೆ 'ನಂದೂ ಹಂಗೇ' ಅಂದ. ಅವನ ಹಿಂದಿನವನೂ ಹಂಗೇ. ಸಾಲು ಪೂರ್ತಿ ಹಂಗೇ ಆತು."

ಈಗಿನವರಿಗೆ ಇದು ನಗುವ ವಿಷಯ. ಆಗ ಗಂಡ ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಹೆಂಡತಿಯಂತೂ ಸತ್ತರೂ ಗಂಡನ ಹೆಸರು ಹೇಳುವಂತಿಲ್ಲ, ಹೇಳಿದರೆ ಅವನ ಆಯುಷ್ಯಕ್ಕೆ ಕುತ್ತು. ನಾನೇನು ಕಡಿಮೆಯೇ? ನಮ್ಮ ಮನೆಯಲ್ಲೂ ಅವಳು 'ಇವಳೇ', ನಾನು 'ಇವರು'. ಇಷ್ಟು ಗೊತ್ತಿದ್ದ ನನಗೆ ಆ ಫಾರಂ ಸಾಲಿನಲ್ಲಿ ನಿಲ್ಲಿಸಿ ತುಂಬಿಸುವಂಥದ್ದಲ್ಲ ಎಂದು ಹೊಳೆಯಬೇಕಿತ್ತು.

ಗೌಡರನ್ನು ಕಂಡೆ. ಕಳ್ಳನೂ ಅಲ್ಲ, ಸುಳ್ಳನೂ ಅಲ್ಲ. ಫಾರಮ್ಮಿನಲ್ಲಿ ತಮ್ಮ ಹೆಸರಿದೆ ಎಂದು ಅವರಿಗೂ ತಿಳಿದದ್ದು ಆ ಡ್ರೈವರ್ ಸತ್ತ ಮೇಲೆ. ತಿಳಿದಾಗ ಕಣ್ಣಲ್ಲಿ ನೀರು ಬಂತಂತೆ. "ಸತ್ತವ ನನ್ನ ನಂಬಿ ಬರೆಸಿದ್ದಾನೆ ಇನ್ಸ್‌ಪೆಕ್ಟ್ರೇ. ಆ ನಂಬಿಕೆ ನಾನು ಉಳಿಸ್ಕೋಬೇಕಾ ಬ್ಯಾಡ್ವಾ?" ಎಂದರು.

"ಸದಸ್ಯನಿಗೆ ಸಂಸಾರ ಇದ್ದರೆ ಸಂಸಾರದವರ ಹೆಸರೇ ಬರೆಯಬೇಕು, ಬೇರೆಯವರ ಹೆಸರು ಬರೆದರೆ ಅದು ನಡೆಯೋದಿಲ್ಲ, ನಿಯಮ ಹಾಗಿದೆ" ಎಂದೆ.

"ನೋಡಿ, ಕಾನೂನು ನಿಮ್ದು, ಊರು ನಮ್ದು. ಆ ಹೆಂಗ್ಸಿನ ಕೈಗೆ ಒಟ್ಟಿಗೇ ದುಡ್ಡು ಕೊಟ್ರೆ ನಾಳೆ ನಾಲ್ಕು ಜನ ನೆಂಟ್ರು ಹುಟ್ಕೋತಾರೆ. ನನ್ ಹತ್ರ ಇದ್ರೆ ತಿಂಗಳು ತಿಂಗಳು ಅಕ್ಕಿ, ಖರ್ಚಿಗೆ ಎಲ್ಲಾ ಹೋಗ್ತದೆ. ಕಂಪನಿ ಲೈನಿನ ಮನೆಯಲ್ಲೇ ಇರ್ಲಿ, ಬಾಡಿಗೆ ಬ್ಯಾಡ. ಮಕ್ಕಳ ಮದುವೆ ನಾನೇ ನಿಂತು ಮಾಡ್ತೀನಿ."

ಅವರು ಮಾಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಅದಕ್ಕೇ ನನಗೆ ತಲೆ ಕೆಟ್ಟಿತು. ಕಳ್ಳನಾಗಿದ್ದರೆ ನೋಟೀಸು ಕೊಟ್ಟು ಎದ್ದು ಬರಬಹುದಿತ್ತು.

ಹಿಂದಿರುಗಿದವನೇ ಅನಂತರಾಮಯ್ಯನವರಿಗೆ ಇದ್ದದ್ದು ಇದ್ದಹಾಗೆ ಬರೆದೆ. ನೀಲಿ ಗೀಟು, ಕಡುಬು, ಯಾವುದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಅವರ ಉತ್ತರ ಇಷ್ಟೇ: "ಒಪ್ಪಿಕೊಂಡಿದ್ದು ಒಳ್ಳೆಯದಾಯಿತು. ಇನ್ನು ಕಾಗದ ಎಣಿಸಬೇಡಿ, ಓದಿ. ಇಲ್ಲಿಂದಲೇ ಒಂದು ಆದೇಶ ಕಳಿಸಬಲ್ಲೆ. ಅದರಿಂದ ಉಳಿದ ನಲವತ್ತೆರಡು ಮನೆಗಳಿಗೆ ಏನು ಬಂತು? ಟ್ರಸ್ಟಿಗಳೇ ಕೂತು ತೀರ್ಮಾನ ಮಾಡಲಿ. ನಿಮಗೆ ಒಂದು ತಿಂಗಳು."

ಹೊಸನಗರಕ್ಕೆ ಹೋಗಿ ದ್ಯಾವಮ್ಮನನ್ನು ಕಂಡೆ. ಕೆಲಸಗಾರರಿಗೆಂದು ಕಂಪನಿ ಕಟ್ಟಿಸಿದ ಸಾಲುಮನೆಗಳ ಲೈನಿನಲ್ಲಿ ಕೊನೆಯ ಮನೆ. ಮೂವತ್ತು ದಾಟಿರದ ಹೆಂಗಸು, ಎಲುಬು ಗಟ್ಟಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು. ಗೌಡರು ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕಿ, ಮನೆ, ಮಕ್ಕಳ ಮದುವೆ ಎಲ್ಲ. ಹಣ ಕೈಗೆ ಕೇಳಿದರೆ ಈ ಸೂರು ಬಿಡಬೇಕಾಗಬಹುದು ಎಂದೂ ಹೇಳಿದೆ. ಹೇಳದಿದ್ದರೆ ಮೋಸವಾಗುತ್ತಿತ್ತು.

"ಗೌಡ್ರು ದ್ಯಾವ್ರಂಥೋರು ಸ್ವಾಮಿ, ಇಲ್ಲ ಅನ್ನಾಕಾಗ್ತದಾ?" ಎಂದಳು. "ನಮ್ಮಪ್ಪನ ಮನೆ, ಗದ್ದೆ ಎಲ್ಲ ಡ್ಯಾಮಿನ ನೀರೊಳಗೆ ಹೋತು. ಪರಿಹಾರದ ದುಡ್ಡು ಬಂತು. ಅಪ್ಪಂಗೆ ಓದಾಕ್ ಬರದಿಲ್ಲ, ಜೋಪಾನ ಮಾಡು ಅಂತ ದೊಡ್ಡಪ್ಪನ ಕೈಗೆ ಕೊಟ್ಟ. ದೊಡ್ಡಪ್ಪನೂ ಕೆಟ್ಟೋನಲ್ಲ. ಕೇಳ್ದಾಗೆಲ್ಲ 'ಎಲ್ಲಿ ಹೋಗ್ತದೆ, ಐತಲ್ಲ' ಅಂತಿದ್ದ. ಅಪ್ಪ ಸಾಯೋವರೆಗೂ ಕೇಳ್ತನೇ ಇದ್ದ."

"ಕೈಗೆ ಬಂದರೆ ಏನು ಮಾಡ್ತೀಯ?"

"ಸಾಗರದಾಗೆ ನಮ್ಮಕ್ಕ ಅದಾಳೆ. ಎರಡು ಎಮ್ಮೆ ತಗಂತೀನಿ. ಹೋಟ್ಲಿಗೆ ಹಾಲು ಹಾಕ್ತೀನಿ. ಮಕ್ಕಳು ಶಾಲೆಗೆ ಹೋಗ್ತಾವೆ." ಎಲ್ಲ ಯೋಚನೆ ಮಾಡಿಟ್ಟಿದ್ದಳು. ನಾನು ಕೇಳಿದ್ದೇ ಅಧಿಕಪ್ರಸಂಗ.

ಆಮೇಲೆ ಕೆಲಸಗಾರರ ಟ್ರಸ್ಟಿಗಳನ್ನು ಬಸ್ಸಿನ ಶೆಡ್ಡಿನಲ್ಲಿ ಕೂರಿಸಿಕೊಂಡು ನನ್ನ ನೋಟ್‌ಬುಕ್ಕಿನಿಂದ ನಿಯಮ ಓದಿ ಹೇಳಿದೆ. ಇಬ್ರಾಹಿಂ ಸಾಹೇಬರು ಹಳಬರು, ಕೈಯೊರೆಸಿಕೊಳ್ಳುತ್ತ ಎಲ್ಲ ಕೇಳಿ, "ಹಕ್ಕು ಇರೋದು ಆಕೇದು. ನನ್ನದೇನೂ ತಕರಾರಿಲ್ಲ ಸಾರ್" ಎಂದರು. ತಿಮ್ಮಪ್ಪ ಮಾತ್ರ ತಲೆ ಎತ್ತಲಿಲ್ಲ. ಅವನ ತಂಗಿಯ ಮದುವೆಯನ್ನು ಗೌಡರೇ ಮಾಡಿಸಿದ್ದರು. "ನಾನು ಗೌಡ್ರ ಎದುರು ಹೆಂಗೆ ಸ್ವಾಮಿ ಬಾಯಿ ಬಿಡ್ಲಿ? ಅವರ ಅನ್ನ ಉಂಡೀನಿ" ಎಂದ.

"ಅನ್ನ ತಿಂದವನಾಗಿ ಕೂರಬೇಡ, ಟ್ರಸ್ಟಿಯಾಗಿ ಕೂರು. ಆ ನಲವತ್ತಮೂರು ಜನ ನಿನ್ನನ್ನು ಅಲ್ಲಿ ಕೂರಿಸಿದ್ದು ಯಾಕೆ?" ಎಂದೆ. ಅವನು ಟೊಪ್ಪಿಗೆ ಎತ್ತಿಕೊಂಡು ಎದ್ದುಹೋದ. ನನ್ನ ಬಾಯಿ ಜೋರಾಯಿತೇನೋ ಎಂದು ದಾರಿಯುದ್ದಕ್ಕೂ ಕೊರೆಯಿತು.

ಸಭೆ ತೀರ್ಥಹಳ್ಳಿಯ ಬಸ್ ಕಚೇರಿಯ ಮಹಡಿಯಲ್ಲಿ, ಒಂದು ಬೆಳಗ್ಗೆ. ಗೌಡರು, ನಾಗಪ್ಪ, ಇಬ್ರಾಹಿಂ ಸಾಹೇಬರು, ತಿಮ್ಮಪ್ಪ. ಬರೆದುಕೊಳ್ಳಲು ಭಟ್ಟರು. ನಾನು ಮೂಲೆಯಲ್ಲಿ. ನನಗೆ ಓಟಿಲ್ಲ. ಎರಡೆರಡಾದರೆ ಅಧ್ಯಕ್ಷರಾದ ಗೌಡರ ಮಾತೇ ಕೊನೆ. ದ್ಯಾವಮ್ಮ ಹೊಸನಗರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ನೆಲದ ಮೇಲೆ ಕೂರಲು ಹೋದಳು, ಇಬ್ರಾಹಿಂ ಸಾಹೇಬರು ತಾವೇ ಎದ್ದು ಒಂದು ಸ್ಟೂಲು ತಂದಿಟ್ಟರು.

ಹಣ ಕೇಳುವವರು ಟ್ರಸ್ಟಿಗಳ ಮುಂದೆ ತಾವು ಯಾರು ಎಂದು ಹೇಳಿ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕು. ಭಟ್ಟರು ಅರ್ಜಿ ಬಿಡಿಸಿಕೊಂಡು ಅಭ್ಯಾಸಬಲದಿಂದ ಕೇಳಿಬಿಟ್ಟರು: "ಗಂಡನ ಹೆಸರು?"

ದ್ಯಾವಮ್ಮ ಸುಮ್ಮನಾದಳು. ಭಟ್ಟರಿಗೆ ತಪ್ಪು ತಿಳಿದು ನಾಲಗೆ ಕಚ್ಚಿಕೊಂಡರು. ಗೌಡರು, "ಆಕೇನ್ನ ಯಾಕ್ರೀ ಕೇಳ್ತೀರಿ? ನಮಗೆಲ್ಲ ಗೊತ್ತಿಲ್ವಾ? ಬರ್ಕೊಳ್ಳಿ" ಎಂದು ಗದರಿದರು. ಇಬ್ರಾಹಿಂ ಸಾಹೇಬರು, "ನಾನು ಹೇಳ್ತೀನಿ ಭಟ್ರೇ" ಎಂದು ಬಾಯಿ ತೆರೆದರು.

"ಬ್ಯಾಡ ಸಾಯಬ್ರೇ, ನಾನೇ ಹೇಳ್ತೀನಿ" ಎಂದಳು ದ್ಯಾವಮ್ಮ. ಸೆರಗು ಸರಿಮಾಡಿಕೊಂಡಳು. "ಚೌಡಪ್ಪ. ನನ್ನ ಗಂಡನ ಹೆಸ್ರು ಚೌಡಪ್ಪ."

ಭಟ್ಟರು ಬರೆದುಕೊಂಡರು.

"ಹನ್ನೊಂದು ವರ್ಷ ಸಂಸಾರ ಮಾಡೀನಿ, ಒಂದು ಸಲಾನೂ ಹೇಳಿರಲಿಲ್ಲ. ಹೇಳಿದ್ರೆ ಆಯಸ್ಸು ಕಮ್ಮಿ ಆಗ್ತದೆ ಅಂತಿದ್ರು. ಈಗ ಕಮ್ಮಿ ಆಗಾಕೆ ಎಂತ ಉಳಿದೈತೆ? ಅವ್ರೂ ನನ್ನ ಹೆಸ್ರು ಹೇಳಾಕೆ ನಾಚ್ಕಂಡು ಗೌಡ್ರ ಹೆಸ್ರು ಬರೆಸಿದ್ರು. ಅದ್ಕೇ ನಾನು ಇಲ್ಲಿ ಬಂದು ಕೂತೀನಿ." ಆಮೇಲೆ ಗೌಡರ ಕಡೆ ತಿರುಗಿದಳು. "ನಿಮ್ಮ ಮ್ಯಾಲೆ ನಂಗೆ ಒಂದು ಚೂರೂ ಅನುಮಾನ ಇಲ್ಲ ಗೌಡ್ರೇ. ನಮ್ಮಪ್ಪನ ದುಡ್ಡೂ ಹಿಂಗೇ ಜೋಪಾನ ಆಗಿತ್ತು. ನನ್ನ ಮಕ್ಕಳು ಸಾಯೋವರೆಗೂ ಕೇಳ್ತಾ ಕೂರೋದು ಬ್ಯಾಡ."

ಗೌಡರ ಮುಖ ಕೆಂಪಾಯಿತು. ಮಾತಾಡಲು ಹೊರಟವರು ನನ್ನ ಕಡೆ ನೋಡಿ ತಡೆದುಕೊಂಡರು. ಸಾಗರದಲ್ಲಿ ಮಾಡಿದ ಆ ಕಟ್ಟಳೆಯನ್ನು ನಾನು ಎಲ್ಲ ಟ್ರಸ್ಟುಗಳಿಗೂ ಹಾಕಿದ್ದೆ, ಅವರಿಗೂ ಗೊತ್ತಿತ್ತು. ಮೊದಲು ಕೆಲಸಗಾರರ ಟ್ರಸ್ಟಿಗಳು.

"ಆಕೆ ಕೈಗೇ ಹೋಗ್ಲಿ" ಎಂದರು ಇಬ್ರಾಹಿಂ ಸಾಹೇಬರು.

ತಿಮ್ಮಪ್ಪ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ ಕೇಳಿದ: "ಭಟ್ರೇ, ನನ್ನ ಫಾರಮ್ಮಲ್ಲಿ ಯಾರ ಹೆಸರೈತೆ?"

"ಗೌಡ್ರದೇ."

"ನಾಳೆ ನಾನು ಸತ್ರೆ ನಮ್ಮನೇವ್ಳೂ ಇಲ್ಲಿ ಬಂದು ಹಿಂಗೇ ಕೂರಬೇಕಾತಲ್ಲ." ಅವನು ಗೌಡರ ಕಡೆ ತಿರುಗಿದ. "ಕೊಡಿ ಗೌಡ್ರೇ. ದ್ಯಾವಮ್ಮನ ಕೈಗೆ ಕೊಡಿ."

"ಅಂದ್ರೆ ನನ್ನ ಮೇಲೆ ನಿಂಗೂ ನಂಬಿಕೆ ಇಲ್ಲ ಅಂತಾತು" ಎಂದರು ಗೌಡರು. ಸಿಟ್ಟಿಗಿಂತ ಅದರಲ್ಲಿ ನೋವೇ ಹೆಚ್ಚಿತ್ತು.

"ನಂಬಿಕೆ ಇತ್ತು ಅಂತ್ಲೇ ನಿಮ್ಮ ಹೆಸ್ರು ಬರೆಸಿದ್ದು. ಕೇಳ್ದಾಗ ಕೊಟ್ರೆ ಆ ನಂಬಿಕೆ ಉಳೀತದೆ" ಎಂದ ತಿಮ್ಮಪ್ಪ. ಎಲ್ಲಿತ್ತೋ ಆ ಧೈರ್ಯ! ಹೇಳಿದವನೇ ಹೆದರಿ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ನಾಗಪ್ಪ ಮಾತ್ರ, "ಭಾವ ಹೇಳಿದ ಹಾಗೆ" ಎಂದರು. ಇನ್ನು ಉಳಿದದ್ದು ಗೌಡರು. ಅವರು ಇಲ್ಲ ಎಂದಿದ್ದರೆ ನಾನು ಎದ್ದು ನಿಯಮ ತೋರಿಸಿ ಮೇಲಕ್ಕೆ ಬರೆಯಬೇಕಾಗುತ್ತಿತ್ತು. ಅವರು ವಕೀಲರನ್ನು ಹಿಡಿಯುತ್ತಿದ್ದರು. ಅವಳ ಎಮ್ಮೆ, ಮಕ್ಕಳ ಶಾಲೆ ಎಲ್ಲ ಕಚೇರಿಗಳ ಕಪಾಟಿನಲ್ಲಿ ಕೊಳೆಯುತ್ತಿದ್ದವು. ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ಬಾಯಿ ಬಿಡಬೇಕೆಂದು ನಾಲಗೆ ತುರಿಸುತ್ತಿತ್ತು. ಮೂಗಿನ ತುದಿಯಲ್ಲಿ ಕೋಪವಿದ್ದ ಮನುಷ್ಯ ನಾನು, ಆ ಹೊತ್ತು ಹೇಗೆ ಸುಮ್ಮನೆ ಕೂತಿದ್ದೆನೋ ಇವತ್ತಿಗೂ ಆಶ್ಚರ್ಯ.

ಗೌಡರು ಎದ್ದು ಕಿಟಕಿಯ ಹತ್ತಿರ ನಿಂತರು. ಕೆಳಗೆ ಅವರ ಬಸ್ಸುಗಳು ನಿಂತಿದ್ದವು. ಇತ್ತ ತಿರುಗದೆ ಹೇಳಿದರು: "ಬರ್ಕೊಳ್ಳಿ ಭಟ್ರೇ. ಹಣ ಚೌಡಪ್ಪನ ಹೆಂಡ್ತಿ ದ್ಯಾವಮ್ಮಂಗೆ. ನಾನೂ ಒಪ್ಪಿದೀನಿ ಅಂತ ಬರೀರಿ." ಆಮೇಲೆ ನನ್ನ ಕಡೆ ನೋಡಿ, "ಉಳಿದವ್ರ ಫಾರಮ್ಮುಗಳನ್ನೂ ಸರಿಮಾಡ್ಸಿ ಮಾರಾಯ್ರೇ. ಇನ್ನೊಂದು ಸಲ ನನ್ನನ್ನು ಈ ಸಂಕಟಕ್ಕೆ ಹಾಕ್ಬೇಡಿ" ಎಂದರು.

ಆ ವಾರವೇ ಹೊಸ ಫಾರಂ ತುಂಬಿಸಿದೆವು. ಈ ಸಲ ಸಾಲಿಲ್ಲ. ಟಿಕೀಟು ಕಟ್ಟುಗಳನ್ನು ಇಡುವ ಸಣ್ಣ ಕೋಣೆಯಲ್ಲಿ ನಾನು ಮತ್ತು ಭಟ್ಟರು ಕೂತೆವು. ಒಬ್ಬೊಬ್ಬರೇ ಒಳಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಒಬ್ಬ ಭಟ್ಟರ ಕಿವಿಯಲ್ಲಿ ಉಸುರಿದ. ಒಬ್ಬ ತನ್ನ ತಾಯಿಯನ್ನು ಕರೆತಂದು ಅವಳ ಬಾಯಲ್ಲಿ ಹೇಳಿಸಿದ. ಒಬ್ಬ ಡ್ರೈವರ್ ಪಾಟಿಚೀಲದಿಂದ ಮಗಳ ಸ್ಲೇಟು ತೆಗೆದ, ಅದರಲ್ಲಿ ಮಗಳು ಅಮ್ಮನ ಹೆಸರು ಬರೆದುಕೊಟ್ಟಿದ್ದಳು. ತಿಮ್ಮಪ್ಪ ಮಾತ್ರ ಬಾಗಿಲು ತೆರೆದೇ ಇಟ್ಟು, ಹೊರಗೆ ನಿಂತವರಿಗೆ ಕೇಳುವ ಹಾಗೆ, "ನನ್ನ ಹೆಂಡ್ತಿ ಹೆಸ್ರು ಪಾರ್ವತಿ" ಎಂದ. ಈ ಸಲ ಯಾರೂ ನಗಲಿಲ್ಲ. ನಾನು ನಲವತ್ತೆರಡು ಫಾರಮ್ಮುಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿ ಆಮೇಲೆ ಗೀಟು ಹಾಕಿದೆ. ನಿವೃತ್ತಿಯಾಗುವವರೆಗೂ ಎಲ್ಲ ಕಡೆ ಇದೇ ರೀತಿ ಮಾಡಿಸಿದೆ. ಯಾವ ಸುತ್ತೋಲೆಯಲ್ಲೂ ಇದಿಲ್ಲ. ಮಾಡಿದ್ದು ನಾನು, ಹೆಮ್ಮೆಯಿಂದಲೇ ಹೇಳುತ್ತೇನೆ.

ಸ್ವಲ್ಪ ದಿನಕ್ಕೆ ಹಣ ಬಂತು. ಹೊಸನಗರದ ಪೋಸ್ಟಾಫೀಸಿನಲ್ಲಿ ದ್ಯಾವಮ್ಮನ ಹೆಸರಿನಲ್ಲೇ ಪುಸ್ತಕ ಮಾಡಿಸಿದೆವು. ಗೌಡರು ತಾವೇ ಬಂದು ಸಾಕ್ಷಿ ಹಾಕಿದರು. ಲೈನಿನ ಮನೆ ಬಿಡಬೇಕಾಗಿಲ್ಲ, 'ಎಷ್ಟು ದಿನ ಬೇಕಾದ್ರೂ ಇರು' ಎಂದರು. "ಎಮ್ಮೆ ಕಟ್ಟಾಕೆ ಜಾಗ ಸಿಕ್ಕಿದ ಕೂಡ್ಲೇ ಬೀಗ ಕೊಡ್ತೀನಿ ಗೌಡ್ರೇ" ಎಂದಳು. ಅವರು ನಕ್ಕು, ಪುಸ್ತಕವನ್ನು ಅವಳ ಕೈಗೇ ಕೊಟ್ಟು ಹೋದರು.

ನಾನು ಅಂದೇ ಸಾಗರಕ್ಕೆ ಹೋಗಬೇಕಿತ್ತು. ಜಾಗ ನೋಡಲು ದ್ಯಾವಮ್ಮನೂ ಅದೇ ಬಸ್ಸು ಹತ್ತಿದಳು. ತಿಮ್ಮಪ್ಪ ಕಂಡಕ್ಟರು. ಡ್ರೈವರುಗಳ ಮನೆಯವರಿಗೆ ಆ ಕಂಪನಿಯ ಬಸ್ಸಿನಲ್ಲಿ ಟಿಕೀಟು ಇರಲಿಲ್ಲ. ಅದು ಎಲ್ಲೂ ಬರೆದಿಟ್ಟದ್ದಲ್ಲ, ನಡೆದುಬಂದದ್ದು. ತಿಮ್ಮಪ್ಪ ಅವಳನ್ನು ದಾಟಿ ಹಿಂದಿನ ಸೀಟಿಗೆ ಹೋದ.

"ತಿಮ್ಮಪ್ಪಣ್ಣ, ಸಾಗರಕ್ಕೆ ಒಂದು" ಎಂದಳು ದ್ಯಾವಮ್ಮ, ಕೈಯಲ್ಲಿ ಚಿಲ್ಲರೆ ಹಿಡಿದು.

"ಸುಮ್ನಿರಮ್ಮ ನೀನು. ಚೌಡಪ್ಪನ ಹೆಂಡ್ತಿ ಹತ್ರ ದುಡ್ಡು ತಗಂಡ್ರೆ ನಂಗೆ ಅನ್ನ ಸೇರ್ತದಾ?"

"ಅವ್ರು ಇದ್ದಾಗ ಹಂಗೇ ಬತ್ತಿದ್ದೆ. ಈಗ ಟಿಕೀಟು ಹರಿ" ಎಂದಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

ತಿಮ್ಮಪ್ಪ ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಸ್ವಲ್ಪ ಹೊತ್ತಿಗೆ ಟಿಕೀಟು ಹರಿದ ಸದ್ದು ಕೇಳಿತು. ಸಾಗರ ಬರುವವರೆಗೂ ಅವಳು ಅದನ್ನು ಸೆರಗಿಗೆ ಕಟ್ಟದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.